ಕಾಮಗಾರಿ ಮುಗಿದರೆ ಉದ್ದೇಶ ಈಡೇರಿತೇ? ಯೋಜನೆಯ ನಿರ್ವಹಣೆ ಮತ್ತು ಕಾರ್ಯಕ್ರಮದ ನಿರ್ವಹಣೆ

ಊರಿನ ಅಂಚಿನಲ್ಲಿ ಹೊಸ ನೀರಿನ ಟ್ಯಾಂಕ್ ನಿಂತಿದೆ. ಗುತ್ತಿಗೆದಾರರು ಅದನ್ನು ಗೊತ್ತುಪಡಿಸಿದ ಅವಧಿಯಲ್ಲಿ, ಗೊತ್ತುಪಡಿಸಿದ ವೆಚ್ಚದಲ್ಲಿ ಕಟ್ಟಿ ಒಪ್ಪಿಸಿದ್ದಾರೆ. ಎಂಜಿನಿಯರರು ಅಳತೆ ಪುಸ್ತಕದಲ್ಲಿ ದಾಖಲಿಸಿ ಬಿಲ್ಲಿಗೆ ಸಹಿ ಹಾಕಿದ್ದಾರೆ. ಆದರೆ ಬೀದಿಗಳಿಗೆ ಪೈಪು ಹಾಕುವ ಕೆಲಸ ಇನ್ನೊಂದು ಟೆಂಡರಿನಲ್ಲಿದೆ; ಪಂಪಿಗೆ ವಿದ್ಯುತ್ ಸಂಪರ್ಕ ಮತ್ತೊಂದು ಕಚೇರಿಯ ಕಡತದಲ್ಲಿದೆ. ನಲ್ಲಿಗೆ ನೀರು ಬಂದಿಲ್ಲ. ಇಲ್ಲಿ ತಪ್ಪಿದವರು ಯಾರು ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ತಮಗೆ ವಹಿಸಿದ ಕೆಲಸವನ್ನು ಮಾಡಿದ್ದಾರೆ ಅಥವಾ ಮಾಡುತ್ತಿದ್ದಾರೆ. ಮನೆಗೆ ನೀರು ತಲುಪಿಸುವ ಹೊಣೆ ಮಾತ್ರ ಯಾರ ಹೆಸರಿನಲ್ಲೂ ಇಲ್ಲ.

ಆಡಳಿತ ಶಾಸ್ತ್ರದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮತ್ತು ಪ್ರೋಗ್ರಾಂ ಮ್ಯಾನೇಜ್‌ಮೆಂಟ್ ಎಂಬ ಎರಡು ವಿಭಾಗಗಳು ಬೇರೆಬೇರೆಯಾಗಿ ಬೆಳೆದುದಕ್ಕೆ ಇಂಥ ಸನ್ನಿವೇಶವೇ ಮೂಲ ಕಾರಣ. ಮೊದಲನೆಯದು, ಒಪ್ಪಿಕೊಂಡ ವಸ್ತು ಸರಿಯಾಗಿ ನಿರ್ಮಾಣವಾಯಿತೇ ಎಂದು ಕೇಳುತ್ತದೆ. ಎರಡನೆಯದು, ಅದನ್ನು ಯಾವುದಕ್ಕಾಗಿ ನಿರ್ಮಿಸಲಾಯಿತೋ ಅದು ಕೈಗೂಡಿತೇ ಎಂದು ಕೇಳುತ್ತದೆ. ಇವೆರಡರ ನಡುವಿನ ಅಂತರವು ಗಾತ್ರಕ್ಕೆ ಸಂಬಂಧಿಸಿದ್ದಲ್ಲ, ಹೊಣೆಗಾರಿಕೆಗೆ ಸಂಬಂಧಿಸಿದ್ದು. ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡು ಬೆಳೆದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನಗಳು ದೊರೆಯುತ್ತವೆ.

ಪದಗಳ ಗೊಂದಲ

ಕನ್ನಡದಲ್ಲಿ ಈ ವಿಷಯವನ್ನು ಚರ್ಚಿಸುವಾಗ ಮೊದಲು ಎದುರಾಗುವುದು ಪದಗಳ ತೊಡಕು. ‘ಯೋಜನೆ’ ಎಂಬ ಒಂದೇ ಮಾತನ್ನು ಪಂಚವಾರ್ಷಿಕ ಯೋಜನೆ, ವೃದ್ಧಾಪ್ಯ ಪಿಂಚಣಿ ಯೋಜನೆ, ಮೆಟ್ರೊ ಯೋಜನೆ ಎಂದು ಮೂರು ಬೇರೆ ಅರ್ಥಗಳಲ್ಲಿ ಬಳಸುವುದು ರೂಢಿ. ‘ಕಾರ್ಯಕ್ರಮ’ ಎಂದರೆ ಕುಟುಂಬ ಕಲ್ಯಾಣ ಕಾರ್ಯಕ್ರಮವೂ ಹೌದು, ಸಂಜೆಯ ಸಂಗೀತ ಕಾರ್ಯಕ್ರಮವೂ ಹೌದು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ‘ಪ್ರೋಗ್ರಾಂ’ ಎಂದರೆ ಗಣಕಕ್ಕೆ ಬರೆಯುವ ಆದೇಶಗಳ ಸರಣಿ ಎಂಬ ಇನ್ನೊಂದು ಅರ್ಥವೂ ಇರುವುದರಿಂದ ಗೊಂದಲ ಹೆಚ್ಚುತ್ತದೆ. ಈ ಲೇಖನದಲ್ಲಿ ಪ್ರಾಜೆಕ್ಟ್‌ಗೆ ‘ಯೋಜನೆ’ ಎಂದೂ ಪ್ರೋಗ್ರಾಂಗೆ ‘ಕಾರ್ಯಕ್ರಮ’ ಎಂದೂ ಬಳಸಲಾಗಿದೆ.

ಯೋಜನೆ ಎಂದರೆ ಆರಂಭ ಮತ್ತು ಅಂತ್ಯಗಳುಳ್ಳ, ನಿರ್ದಿಷ್ಟವಾದ ಒಂದು ವಸ್ತುವನ್ನೋ ಸೇವೆಯನ್ನೋ ರೂಪಿಸಿಕೊಡುವ ತಾತ್ಕಾಲಿಕ ಪ್ರಯತ್ನ. ಏನನ್ನು ಮಾಡಬೇಕು, ಎಷ್ಟು ಕಾಲದಲ್ಲಿ, ಎಷ್ಟು ಹಣದಲ್ಲಿ, ಯಾವ ಗುಣಮಟ್ಟದಲ್ಲಿ ಎಂಬುದು ಅದರ ಚೌಕಟ್ಟು. ಕಾರ್ಯಕ್ರಮ ಎಂದರೆ ಪರಸ್ಪರ ಸಂಬಂಧವುಳ್ಳ ಹಲವು ಯೋಜನೆಗಳನ್ನೂ ಅವುಗಳ ಸುತ್ತಲಿನ ದೈನಂದಿನ ಕಾರ್ಯಗಳನ್ನೂ ಒಟ್ಟಾಗಿ ನಡೆಸುವ ವ್ಯವಸ್ಥೆ. ಬಿಡಿಬಿಡಿಯಾಗಿ ನಡೆಸಿದರೆ ದೊರೆಯದ ಪ್ರಯೋಜನವನ್ನು ಒಟ್ಟಾಗಿ ನಡೆಸಿ ಪಡೆಯುವುದೇ ಅದರ ಗುರಿ. ಸಂಬಂಧವಿಲ್ಲದ ಹತ್ತು ಯೋಜನೆಗಳನ್ನು ಒಬ್ಬ ಅಧಿಕಾರಿಯ ಕೈಗೆ ಕೊಟ್ಟ ಮಾತ್ರಕ್ಕೆ ಅದು ಕಾರ್ಯಕ್ರಮವಾಗುವುದಿಲ್ಲ. ಸಾವಿರಾರು ಕೋಟಿ ರೂಪಾಯಿ ವೆಚ್ಚವಾದ ಮಾತ್ರಕ್ಕೆ ಒಂದು ಯೋಜನೆ ಕಾರ್ಯಕ್ರಮವೆನಿಸುವುದೂ ಇಲ್ಲ.

ಒಂದು ರಾಕೆಟ್, ಒಂದು ಪರಂಪರೆ

ಇಸ್ರೋ ಸ್ಥಾಪನೆಯಾದದ್ದು 1969ರ ಆಗಸ್ಟ್ 15ರಂದು. ವಿಕ್ರಂ ಸಾರಾಭಾಯ್ ಅವರು 1971ರ ಡಿಸೆಂಬರ್‌ನಲ್ಲಿ ನಿಧನರಾದ ನಂತರ, 1972ರಲ್ಲಿ ಸತೀಶ್ ಧವನ್ ಅವರು ಸಂಸ್ಥೆಯ ಚುಕ್ಕಾಣಿ ಹಿಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು ಆ ಹುದ್ದೆಯನ್ನು ಬಿಡದೆ ಹೊಸ ಹೊಣೆಯನ್ನು ಹೊತ್ತರು. ಅದೇ ವರ್ಷ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಅಸ್ತಿತ್ವಕ್ಕೆ ಬಂದವು.

ಅವರ ಕಾಲದಲ್ಲಿ ರೂಪುಗೊಂಡ ಎಸ್‌ಎಲ್‌ವಿ-3 ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ. ನಾಲ್ಕು ಹಂತಗಳ, ಘನ ಇಂಧನದ ಈ ರಾಕೆಟ್ಟಿನ ಸಾಮರ್ಥ್ಯ ಸುಮಾರು 40 ಕಿಲೋಗ್ರಾಂ ತೂಕದ ಉಪಗ್ರಹವನ್ನು ಭೂಮಿಯ ಸಮೀಪದ ಕಕ್ಷೆಗೆ ಸೇರಿಸುವುದಷ್ಟೇ. ಎ.ಪಿ.ಜೆ. ಅಬ್ದುಲ್ ಕಲಾಂ ಅದರ ಯೋಜನಾ ನಿರ್ದೇಶಕರಾಗಿದ್ದರು. ಗುರಿ ಖಚಿತವಾಗಿತ್ತು, ವಾಹನ ಒಂದೇ ಆಗಿತ್ತು, ಉಡಾವಣೆಯ ದಿನವೇ ಪರೀಕ್ಷೆಯ ದಿನವಾಗಿತ್ತು. ಯೋಜನೆಗೆ ಇರಬೇಕಾದ ಲಕ್ಷಣಗಳೆಲ್ಲ ಅದಕ್ಕಿದ್ದವು.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಮೇಲೇರಿದ ಮೊದಲ ಎಸ್‌ಎಲ್‌ವಿ-3, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ವೈಫಲ್ಯದಿಂದ ಬಂಗಾಳ ಕೊಲ್ಲಿಗೆ ಬಿದ್ದಿತು. ಅಂದು ಪತ್ರಕರ್ತರನ್ನು ಎದುರಿಸಿ ವೈಫಲ್ಯದ ಹೊಣೆಯನ್ನು ತಾವೇ ಹೊತ್ತವರು ಧವನ್. 1980ರ ಜುಲೈ 18ರಂದು ಎರಡನೆಯ ಉಡಾವಣೆ ಯಶಸ್ವಿಯಾಗಿ ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ, ಪತ್ರಿಕಾಗೋಷ್ಠಿಯನ್ನು ನಡೆಸುವಂತೆ ಅವರು ಕಲಾಂ ಅವರಿಗೆ ಸೂಚಿಸಿದರು. ಈ ಪ್ರಸಂಗವನ್ನು ಕಲಾಂ ಮುಂದೆ ರಾಷ್ಟ್ರಪತಿಗಳಾಗಿಯೂ ಅನೇಕ ಸಭೆಗಳಲ್ಲಿ ಸ್ಮರಿಸಿದ್ದಾರೆ.

ಇದನ್ನು ನಾಯಕನೊಬ್ಬನ ಔದಾರ್ಯದ ಕಥೆಯೆಂದು ಹೇಳುವುದು ವಾಡಿಕೆ. ಆದರೆ ಅದರಲ್ಲಿ ನಿರ್ವಹಣೆಯ ಒಂದು ತತ್ತ್ವವೂ ಅಡಗಿದೆ. ಯೋಜನಾ ನಿರ್ದೇಶಕನ ದೃಷ್ಟಿಯಲ್ಲಿ 1979ರ ಉಡಾವಣೆ ವಿಫಲ. ಅದಕ್ಕೆ ಬೇರೆ ಹೆಸರಿಲ್ಲ. ಕಾರ್ಯಕ್ರಮದ ಮುಖ್ಯಸ್ಥನ ದೃಷ್ಟಿಯಲ್ಲಿ, ಸ್ವಂತ ಉಡಾವಣಾ ಸಾಮರ್ಥ್ಯವನ್ನು ಗಳಿಸುವ ದೀರ್ಘ ಪ್ರಯತ್ನದಲ್ಲಿ ಅದೊಂದು ಹಂತ. ಮೊದಲ ಹಂತ ಕೆಲಸ ಮಾಡಿತ್ತು, ದೋಷವೆಲ್ಲಿ ಎಂಬುದು ಪತ್ತೆಯಾಯಿತು, ತಂಡ ಉಳಿಯಬೇಕಿತ್ತು. ವೈಫಲ್ಯದ ಭಾರವನ್ನು ಮೇಲಿನ ಸ್ತರದಲ್ಲಿ ಹೊತ್ತದ್ದರಿಂದಲೇ ಕೆಳಗಿನ ಸ್ತರದಲ್ಲಿ ಒಂದು ವರ್ಷದೊಳಗೆ ಮತ್ತೊಂದು ಉಡಾವಣೆಗೆ ಸಿದ್ಧತೆ ನಡೆಸಲು ಸಾಧ್ಯವಾಯಿತು.

ಎಸ್‌ಎಲ್‌ವಿ-3ರ ನಾಲ್ಕನೆಯ ಹಾಗೂ ಕೊನೆಯ ಉಡಾವಣೆ 1983ರ ಏಪ್ರಿಲ್ 17ರಂದು ನಡೆಯಿತು. ಯೋಜನೆ ಅಲ್ಲಿಗೆ ಮುಗಿಯಿತು, ಕಾರ್ಯಕ್ರಮ ಮುಗಿಯಲಿಲ್ಲ. ಅದೇ ರಾಕೆಟ್ಟಿನ ಪಕ್ಕಕ್ಕೆ ಎರಡು ಬೂಸ್ಟರುಗಳನ್ನು ಜೋಡಿಸಿ, 150 ಕಿಲೋಗ್ರಾಂ ಒಯ್ಯಬಲ್ಲ ಎಎಸ್‌ಎಲ್‌ವಿ ರೂಪಿಸಲಾಯಿತು. ಅದರ ಮೊದಲ ಎರಡು ಉಡಾವಣೆಗಳು, ಅಂದರೆ 1987ರ ಮಾರ್ಚ್ 24 ಮತ್ತು 1988ರ ಜುಲೈ 13ರಂದು ನಡೆದವು, ವಿಫಲವಾದವು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಸಮೀಪದ ಅದಮಾರಿನವರಾದ ಯು.ಆರ್. ರಾವ್. ದೋಷಗಳ ವಿಶ್ಲೇಷಣೆ ನಡೆದು, ವಿನ್ಯಾಸ ತಿದ್ದುಪಡಿಯಾಗಿ, 1992ರ ಮೇ 20 ಮತ್ತು 1994ರ ಮೇ 4ರ ಉಡಾವಣೆಗಳಲ್ಲಿ ಉಪಗ್ರಹಗಳು ಕಕ್ಷೆ ಸೇರಿದವು. ಅಷ್ಟಕ್ಕೇ ಎಎಸ್‌ಎಲ್‌ವಿಯನ್ನು ನಿಲ್ಲಿಸಲಾಯಿತು.

ನಾಲ್ಕು ಉಡಾವಣೆಗಳಲ್ಲಿ ಎರಡು ಸೋತ ರಾಕೆಟ್ಟನ್ನು ಸ್ವತಂತ್ರ ಯೋಜನೆಯಾಗಿ ನೋಡಿದರೆ ಅದರ ಲೆಕ್ಕ ಹೆಮ್ಮೆಪಡುವಂಥದ್ದಲ್ಲ. ಆದರೆ ಪಕ್ಕಕ್ಕೆ ಬೂಸ್ಟರ್ ಜೋಡಿಸುವ ವಿಧಾನ, ಹಾರಾಟದ ನಡುವೆ ತನ್ನ ಪಥವನ್ನು ತಾನೇ ತಿದ್ದಿಕೊಳ್ಳುವ ಮಾರ್ಗದರ್ಶನ ವ್ಯವಸ್ಥೆ, ಲಂಬವಾಗಿ ಜೋಡಿಸುವ ಕ್ರಮ ಮುಂತಾದವು ಎಎಸ್‌ಎಲ್‌ವಿಯಲ್ಲಿ ಪರೀಕ್ಷೆಗೊಂಡು ಪಿಎಸ್‌ಎಲ್‌ವಿಗೆ ಬಂದವು. ಪಿಎಸ್‌ಎಲ್‌ವಿಯ ಮೊದಲ ಉಡಾವಣೆಯೂ 1993ರ ಸೆಪ್ಟೆಂಬರ್ 20ರಂದು ವಿಫಲವಾಯಿತು; 1994ರ ಅಕ್ಟೋಬರ್ 15ರಂದು ಎರಡನೆಯದು 800 ಕಿಲೋಗ್ರಾಂಗೂ ಹೆಚ್ಚು ತೂಕದ ದೂರಸಂವೇದಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದೇ ರಾಕೆಟ್ ಸರಣಿ 2008ರಲ್ಲಿ ಚಂದ್ರಯಾನ-1ನ್ನೂ 2013ರಲ್ಲಿ ಮಂಗಳಯಾನವನ್ನೂ ಹೊತ್ತೊಯ್ದಿತು. 2001ರ ಏಪ್ರಿಲ್ 18ರಂದು ಮೊದಲ ಬಾರಿ ಹಾರಿದ ಜಿಎಸ್‌ಎಲ್‌ವಿ, ಪಿಎಸ್‌ಎಲ್‌ವಿಗಾಗಿ ರೂಪಿಸಿದ್ದ ಘನ ಇಂಧನದ ಹಂತವನ್ನೂ ‘ವಿಕಾಸ್’ ದ್ರವ ಎಂಜಿನ್ನನ್ನೂ ಬಳಸಿಕೊಂಡಿತು.

ಒಂದು ಯೋಜನೆಯ ಕಲಿಕೆ ಮುಂದಿನ ಯೋಜನೆಯ ಬಂಡವಾಳವಾಗುವಂತೆ ನೋಡಿಕೊಳ್ಳುವುದು ಕಾರ್ಯಕ್ರಮ ನಿರ್ವಹಣೆಯ ಮೊದಲ ಕರ್ತವ್ಯ. ಉಪಯೋಗ ಮುಗಿದ ಯೋಜನೆಯನ್ನು, ಅದು ಗೆಲ್ಲತೊಡಗಿದ ಹೊತ್ತಿನಲ್ಲೇ ಆದರೂ, ನಿಲ್ಲಿಸುವ ತೀರ್ಮಾನವೂ ಅದರದ್ದೇ. ಯೋಜನೆಯ ಒಳಗಿರುವವರಿಂದ ಇಂಥ ತೀರ್ಮಾನವನ್ನು ನಿರೀಕ್ಷಿಸುವುದು ಕಷ್ಟ.

ಒಬ್ಬರೇ ವ್ಯಕ್ತಿ, ಎರಡು ಪಾತ್ರ

ಕಲಾಂ ಅವರ ವೃತ್ತಿಜೀವನದಲ್ಲಿಯೇ ಈ ಎರಡು ಪಾತ್ರಗಳ ವ್ಯತ್ಯಾಸ ಕಾಣಸಿಗುತ್ತದೆ. 1982ರಲ್ಲಿ ಅವರು ಹೈದರಾಬಾದಿನ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಪ್ರಯೋಗಾಲಯದ ನಿರ್ದೇಶಕರಾದರು. 1983ರಲ್ಲಿ 388 ಕೋಟಿ ರೂಪಾಯಿಗಳ ಮಂಜೂರಾತಿಯೊಂದಿಗೆ ಆರಂಭವಾದ ಸಮಗ್ರ ನಿರ್ದೇಶಿತ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮಕ್ಕೆ ಅವರೇ ಮುಖ್ಯಸ್ಥರು. ಪೃಥ್ವಿ, ಅಗ್ನಿ, ಆಕಾಶ್, ತ್ರಿಶೂಲ್, ನಾಗ್ ಎಂಬ ಐದು ಯೋಜನೆಗಳು ಅದರಡಿ ಬಂದವು. ಪ್ರತಿಯೊಂದಕ್ಕೂ ಪ್ರತ್ಯೇಕ ಯೋಜನಾ ನಿರ್ದೇಶಕರಿದ್ದರು.

ಎಸ್‌ಎಲ್‌ವಿ-3ರಲ್ಲಿ ಒಂದು ವಾಹನದ ಪ್ರತಿ ಹಂತದ ವಿವರವೂ ಅವರ ಹೊಣೆಯಾಗಿತ್ತು. ಇಲ್ಲಿ ಐದು ತಂಡಗಳಿಗೆ ಪ್ರಯೋಗಾಲಯ, ಪರಿಣತರು ಮತ್ತು ಹಣವನ್ನು ಹಂಚುವುದು, ಒಂದರಲ್ಲಿ ಸಿದ್ಧವಾದ ತಂತ್ರಜ್ಞಾನ ಇನ್ನೊಂದಕ್ಕೆ ಒದಗುವಂತೆ ಮಾಡುವುದು, ಸೇನೆಯ ಅಗತ್ಯಗಳೊಂದಿಗೆ ಎಲ್ಲವನ್ನೂ ಹೊಂದಿಸುವುದು ಅವರ ಕೆಲಸವಾಯಿತು. 1989ರ ಮೇ 22ರಂದು ಹಾರಿದ ಮೊದಲ ಅಗ್ನಿಯಲ್ಲಿ ಎಸ್‌ಎಲ್‌ವಿ-3ರಿಂದ ಬಂದ ಘನ ಇಂಧನದ ಮೋಟಾರು ಕೆಳಗಿತ್ತು, ಪೃಥ್ವಿಯಿಂದ ಬಂದ ದ್ರವ ಇಂಧನದ ಎಂಜಿನ್ ಮೇಲಿತ್ತು. ಐದೂ ಯೋಜನೆಗಳು ಒಂದೇ ಬಗೆಯ ಫಲ ನೀಡಲಿಲ್ಲ ಎಂಬುದೂ ನಿಜ. ಪೃಥ್ವಿ ಮತ್ತು ಅಗ್ನಿ ಸೇನೆಯನ್ನು ಸೇರಿದವು; ತ್ರಿಶೂಲ್ ತಂತ್ರಜ್ಞಾನ ಪ್ರದರ್ಶನದ ಮಟ್ಟದಲ್ಲೇ ಮುಗಿಯಿತು. 2008ರ ಆರಂಭದಲ್ಲಿ ಒಟ್ಟು ಕಾರ್ಯಕ್ರಮ ಮುಗಿದುದಾಗಿ ಘೋಷಿಸಲಾಯಿತು. ಎಲ್ಲ ಯೋಜನೆಗಳೂ ಗೆಲ್ಲದೆಯೂ ಕಾರ್ಯಕ್ರಮವೊಂದು ತನ್ನ ಮುಖ್ಯ ಉದ್ದೇಶವನ್ನು ಸಾಧಿಸಬಹುದು ಎಂಬುದಕ್ಕೆ ಇದು ಉದಾಹರಣೆ.

ಪ್ರಮುಖ ವ್ಯತ್ಯಾಸಗಳು

ಗುರಿ: ಯೋಜನೆಯ ಗುರಿ ಕೈಗೆ ಬರುವ ಒಂದು ವಸ್ತು ಅಥವಾ ಸೇವೆ. ಕಾರ್ಯಕ್ರಮದ ಗುರಿ ಪ್ರಯೋಜನ. ರಾಕೆಟ್ ವಸ್ತು, ಪರರನ್ನು ಆಶ್ರಯಿಸದೆ ಉಪಗ್ರಹ ಹಾರಿಸುವ ಸಾಮರ್ಥ್ಯ ಪ್ರಯೋಜನ. ಆಸ್ಪತ್ರೆಯ ಕಟ್ಟಡ ವಸ್ತು, ರೋಗಿಗೆ ದೊರೆಯುವ ಚಿಕಿತ್ಸೆ ಪ್ರಯೋಜನ.

ಕಾಲ: ಯೋಜನೆಯ ಮುಕ್ತಾಯದ ದಿನ ಮೊದಲೇ ಗೊತ್ತಿರುತ್ತದೆ. ಕಾರ್ಯಕ್ರಮದ ಮುಕ್ತಾಯವನ್ನು ನಿರ್ಧರಿಸುವುದು ಉದ್ದೇಶಿತ ಬದಲಾವಣೆ ನೆಲೆಗೊಂಡಿತೇ ಎಂಬ ಅಂಶ. ಕಾರ್ಯಕ್ರಮದ ನಡುವೆ ಹಲವು ಯೋಜನೆಗಳು ಹುಟ್ಟಿ ಮುಗಿಯುತ್ತವೆ.

ಬದಲಾವಣೆ: ಕೆಲಸದ ವ್ಯಾಪ್ತಿ ಪದೇ ಪದೇ ಬದಲಾಗುವುದು ಯೋಜನೆಗೆ ಅಪಾಯ, ಯೋಜನಾ ವ್ಯವಸ್ಥಾಪಕರು ಅದನ್ನು ತಡೆಯಲು ಯತ್ನಿಸುತ್ತಾರೆ. ಕಾರ್ಯಕ್ರಮ ವ್ಯವಸ್ಥಾಪಕರಿಗೆ ಬದಲಾವಣೆ ಅನಿವಾರ್ಯ. ಪರಿಸ್ಥಿತಿ ಬದಲಾದಂತೆ ಹೊಸ ಯೋಜನೆಯನ್ನು ಸೇರಿಸುವುದು, ಹಳೆಯದನ್ನು ಕೈಬಿಡುವುದು ಅವರ ಕೆಲಸದ ಭಾಗ.

ಅಪಾಯ: ಯೋಜನೆಯೊಂದು ತನ್ನ ಗಡಿಯೊಳಗಿನ ಅಪಾಯಗಳನ್ನು ನೋಡಿಕೊಳ್ಳುತ್ತದೆ. ಎರಡು ಯೋಜನೆಗಳ ನಡುವಿನ ಸಂದಿಯಲ್ಲಿ ಹುಟ್ಟುವ ಅಪಾಯಗಳು ಕಾರ್ಯಕ್ರಮಕ್ಕೆ ಸೇರಿದವು. ದೊಡ್ಡ ಕೆಲಸಗಳು ಕೆಡುವುದು ಹೆಚ್ಚಾಗಿ ಈ ಸಂದಿಗಳಲ್ಲಿಯೇ.

ಜನ: ಯೋಜನಾ ವ್ಯವಸ್ಥಾಪಕರು ತಂಡವನ್ನೂ ಗುತ್ತಿಗೆದಾರರನ್ನೂ ಮುನ್ನಡೆಸುತ್ತಾರೆ. ಕಾರ್ಯಕ್ರಮ ವ್ಯವಸ್ಥಾಪಕರು ಯೋಜನಾ ವ್ಯವಸ್ಥಾಪಕರೊಂದಿಗೆ, ಇಲಾಖೆಗಳ ಮುಖ್ಯಸ್ಥರೊಂದಿಗೆ ಹಾಗೂ ಬಳಕೆದಾರರೊಂದಿಗೆ ವ್ಯವಹರಿಸುತ್ತಾರೆ. ಅವರಲ್ಲಿ ಅನೇಕರು ಇವರ ಆಜ್ಞೆಗೆ ಒಳಪಟ್ಟವರಲ್ಲವಾದ್ದರಿಂದ ಒಡಂಬಡಿಕೆ, ಮನವೊಲಿಕೆಗಳೇ ಇವರ ಸಾಧನಗಳು.

ಅಳತೆಗೋಲು: ಯೋಜನೆಯ ಯಶಸ್ಸನ್ನು ಹಸ್ತಾಂತರದ ದಿನ ಅಳೆಯಬಹುದು. ಕಾರ್ಯಕ್ರಮದ ಯಶಸ್ಸನ್ನು ಅಳೆಯಲು ಹಸ್ತಾಂತರದ ನಂತರವೂ ಕಾಯಬೇಕು.

ಬಳಕೆದಾರರಿಗೆ ಸ್ಥಾನ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗ, ಯೋಜನೆಯೊಂದು ಕಾರ್ಯಕ್ರಮಕ್ಕೆ ದಾರಿ ಮಾಡಿಕೊಟ್ಟ ಬಗೆಯನ್ನು ತೋರಿಸುತ್ತದೆ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ, ಕೃಷಿ, ಆರೋಗ್ಯ ವಿಷಯಗಳ ಟಿ.ವಿ. ಪ್ರಸಾರ ನಡೆಸಲಾಯಿತು. ಕರ್ನಾಟಕದ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದರಲ್ಲಿದ್ದವು. ವರ್ಷ ಮುಗಿದಾಗ ಉಪಗ್ರಹವನ್ನು ಹಿಂತಿರುಗಿಸಬೇಕಾಯಿತು, ಪ್ರಸಾರ ನಿಂತಿತು. ಪ್ರಯೋಗವಾಗಿ ಅದು ತನ್ನ ಕೆಲಸವನ್ನು ಪೂರೈಸಿತ್ತು. ಆದರೆ ಹಳ್ಳಿಗರ ಮುಂದಿದ್ದ ಟಿ.ವಿ. ಪರದೆಗೆ ನಿತ್ಯದ ಪ್ರಸಾರ ಬೇಕಾಗಿತ್ತು.

ಆ ನಿರಂತರತೆಯನ್ನು ಕೊಡಬೇಕಾದದ್ದು ಇನ್‌ಸ್ಯಾಟ್ ಕಾರ್ಯಕ್ರಮ. ಅದರ ರಚನೆಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಉಪಗ್ರಹ ನಿರ್ಮಿಸುವವರು ಮಾತ್ರವಲ್ಲದೆ ಬಳಸುವವರೂ ಅದರ ಪಾಲುದಾರರಾಗಿದ್ದುದು. ಬಾಹ್ಯಾಕಾಶ ಇಲಾಖೆ, ದೂರಸಂಪರ್ಕ ಇಲಾಖೆ, ಹವಾಮಾನ ಇಲಾಖೆ, ಆಕಾಶವಾಣಿ ಮತ್ತು ದೂರದರ್ಶನಗಳು ಇದರಲ್ಲಿ ಸೇರಿದ್ದವು. ಇವುಗಳ ನಡುವಣ ಹೊಂದಾಣಿಕೆಗೆ ಕಾರ್ಯದರ್ಶಿಗಳ ಮಟ್ಟದ ಇನ್‌ಸ್ಯಾಟ್ ಸಮನ್ವಯ ಸಮಿತಿ ಇತ್ತು. ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರ ಹಾಸನದಲ್ಲಿ ಸ್ಥಾಪನೆಯಾಯಿತು.

1982ರ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಅದೇ ಸೆಪ್ಟೆಂಬರ್‌ನಲ್ಲಿ ಕೆಟ್ಟು ನಿಂತಿತು. ಅದೊಂದೇ ಉಪಗ್ರಹದ ಯೋಜನೆಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸರಣಿಯ ಮುಂದಿನ ಉಪಗ್ರಹ ಇನ್‌ಸ್ಯಾಟ್-1ಬಿ 1983ರ ಆಗಸ್ಟ್‌ನಲ್ಲಿ ಕಕ್ಷೆ ಸೇರಿತು. ಉಪಗ್ರಹವೊಂದೇ ಆಗಿದ್ದರೂ ಪ್ರಯೋಜನ ದೊರೆಯುತ್ತಿರಲಿಲ್ಲ. 1984ರಲ್ಲಿ ದೂರದರ್ಶನವು ದೇಶದಾದ್ಯಂತ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳನ್ನು ವೇಗವಾಗಿ ಸ್ಥಾಪಿಸಿದ್ದರಿಂದ ಆಕಾಶದ ಸಂಕೇತ ಮನೆಯ ಪರದೆಗೆ ಇಳಿಯಿತು. ಉಪಗ್ರಹ ಒಂದು ಇಲಾಖೆಯದು, ಟ್ರಾನ್ಸ್‌ಮಿಟರು ಇನ್ನೊಂದರದು. ನೀರಿನ ಟ್ಯಾಂಕಿನ ಊರಿನಲ್ಲಿ ಕೊರತೆಯಾಗಿರುವುದು ಇವೆರಡನ್ನೂ ಒಂದೇ ಮೇಜಿಗೆ ತರುವ ಸಮಿತಿ.

ಯೋಜನೆಗಳ ನಡುವಿನ ಸಂದಿ

ಯೋಜನೆಗಳ ನಡುವಿನ ಅವಲಂಬನೆಯ ಅರ್ಥವನ್ನು ಬೆಂಗಳೂರಿನ ಪ್ರಯಾಣಿಕರು 2023ರಲ್ಲಿ ಸ್ವತಃ ಅನುಭವಿಸಿದರು. ನಮ್ಮ ಮೆಟ್ರೊದ ವೈಟ್‌ಫೀಲ್ಡ್-ಕೆ.ಆರ್. ಪುರ ನಡುವಿನ 13.71 ಕಿಲೋಮೀಟರ್ ಮಾರ್ಗ ಆ ವರ್ಷದ ಮಾರ್ಚ್ 25ರಂದು ಉದ್ಘಾಟನೆಗೊಂಡಿತು. ಆದರೆ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಸೇರಿಸುವ ಸುಮಾರು ಎರಡು ಕಿಲೋಮೀಟರ್ ಭಾಗ ಸಿದ್ಧವಾಗಿರಲಿಲ್ಲ. ಅಕ್ಟೋಬರ್ 9ರಂದು ಆ ಕೊಂಡಿ ತೆರೆಯುವವರೆಗೆ, ನಗರದ ಮಧ್ಯಭಾಗಕ್ಕೆ ಹೋಗುವವರು ಕೆ.ಆರ್. ಪುರದಲ್ಲಿ ಇಳಿದು ಬಸ್ ಹಿಡಿದು ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ರೊ ಹತ್ತಬೇಕಾಯಿತು. ಹದಿಮೂರು ಕಿಲೋಮೀಟರ್ ಹಳಿಯ ಪೂರ್ಣ ಪ್ರಯೋಜನ ಎರಡು ಕಿಲೋಮೀಟರ್ ಹಳಿಯನ್ನು ಅವಲಂಬಿಸಿತ್ತು. ಆ ತಿಂಗಳುಗಳಲ್ಲಿ ಪ್ರಯಾಣಿಕರನ್ನು ದಾಟಿಸಿದ ಸಂಪರ್ಕ ಬಸ್ಸುಗಳು ಬೇರೊಂದು ಸಂಸ್ಥೆಯಾದ ಬಿಎಂಟಿಸಿಯವು.

ಹಳಿ ಹಾಕುವುದು ಯೋಜನೆ. ನಗರವಾಸಿ ಮನೆಯಿಂದ ಕಚೇರಿಗೆ ಸುಲಭವಾಗಿ ತಲುಪುವುದು ಕಾರ್ಯಕ್ರಮ. ಎರಡನೆಯದಕ್ಕೆ ಹಳಿಯ ಜೊತೆಗೆ ಸಂಪರ್ಕ ಬಸ್ಸು, ಕಾಲುದಾರಿ, ವಾಹನ ನಿಲುಗಡೆ, ಒಂದೇ ಟಿಕೆಟ್ ಎಲ್ಲವೂ ಬೇಕು. ಅವು ಬೇರೆಬೇರೆ ಸಂಸ್ಥೆಗಳ ಅಧೀನದಲ್ಲಿವೆ. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಕಾಯ್ದೆ, 2022 ರೂಪುಗೊಂಡದ್ದು ಇಂಥ ಸಮನ್ವಯದ ಅಗತ್ಯವನ್ನು ಮನಗಂಡೇ.

ಚಂದ್ರಯಾನದಲ್ಲಿ ಇದೇ ಅವಲಂಬನೆ ಲಾಭವಾಗಿ ಪರಿಣಮಿಸಿತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತಾದರೂ ಆರ್ಬಿಟರ್ ಚಂದ್ರನನ್ನು ಸುತ್ತುತ್ತ ಉಳಿಯಿತು. ಚಂದ್ರಯಾನ-3ಕ್ಕೆ ಹೊಸ ಆರ್ಬಿಟರ್ ಅಗತ್ಯವಾಗಲಿಲ್ಲ. ಹಳೆಯ ಆರ್ಬಿಟರ್ ಇಳಿಯುವ ತಾಣದ ಚಿತ್ರಗಳನ್ನು ಒದಗಿಸಿತು, ಸಂಪರ್ಕದ ಕೊಂಡಿಯೂ ಆಯಿತು. 2023ರ ಆಗಸ್ಟ್ 23ರಂದು ಲ್ಯಾಂಡರ್ ಸುರಕ್ಷಿತವಾಗಿ ಇಳಿಯಿತು. ಅರ್ಧ ಸೋತಿತೆನ್ನಲಾದ ಯೋಜನೆಯ ಉಳಿದರ್ಧ ಮುಂದಿನ ಯೋಜನೆಯ ಅಂಗವಾಯಿತು.

ಶಾಸ್ತ್ರವಾಗಿ ಬೆಳೆದ ಬಗೆ

ಯೋಜನಾ ನಿರ್ವಹಣೆಯು ವೃತ್ತಿಯಾಗಿ ಮೊದಲು ನೆಲೆಗೊಂಡಿತು. ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ) 1969ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಸಿದ್ಧ ಕೈಪಿಡಿ ‘ಪಿಎಂಬಾಕ್’ 1996ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ‘ಪ್ರಿನ್ಸ್2’ ಪದ್ಧತಿ ಬಂದದ್ದೂ ಅದೇ ವರ್ಷ. ಕಾರ್ಯಕ್ರಮ ನಿರ್ವಹಣೆಗೆ ಪ್ರತ್ಯೇಕ ಗ್ರಂಥಗಳು ಬರಲು ಇನ್ನಷ್ಟು ಕಾಲ ಹಿಡಿಯಿತು. ಬ್ರಿಟನ್ ಸರಕಾರ 1999ರಲ್ಲಿ ‘ಎಂಎಸ್‌ಪಿ’ ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಪಿಎಂಐ 2006ರಲ್ಲಿ ಕಾರ್ಯಕ್ರಮ ನಿರ್ವಹಣೆಯ ಮಾನದಂಡವನ್ನು ಪ್ರಕಟಿಸಿತು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 21503 ಮಾನಕ 2017ರಲ್ಲಿ ಬಂದಿತು.

ಇವೆರಡರ ಜೊತೆಗೆ ‘ಪೋರ್ಟ್‌ಫೋಲಿಯೊ’ ಎಂಬ ಮೂರನೆಯ ಸ್ತರವೂ ಇದೆ. ಸಂಸ್ಥೆಯ ಹಣವನ್ನು ಯಾವ ಕಾರ್ಯಕ್ರಮಕ್ಕೆ, ಯಾವ ಯೋಜನೆಗೆ ಹೂಡಬೇಕು ಎಂದು ಆಯ್ಕೆ ಮಾಡುವುದು ಅಲ್ಲಿನ ಕೆಲಸ. ಯಾವುದನ್ನು ಮಾಡಬೇಕು ಎಂಬ ತೀರ್ಮಾನ ಪೋರ್ಟ್‌ಫೋಲಿಯೊದಲ್ಲಿ, ಮಾಡಿದ್ದರಿಂದ ಪ್ರಯೋಜನ ಪಡೆಯುವುದು ಕಾರ್ಯಕ್ರಮದಲ್ಲಿ, ಸರಿಯಾಗಿ ಮಾಡುವುದು ಯೋಜನೆಯಲ್ಲಿ ಎಂದು ಸ್ಥೂಲವಾಗಿ ಹೇಳಬಹುದು.

ಕಚೇರಿಗಳಲ್ಲಿ ಕಾಣುವ ತಪ್ಪುಗಳು

ಅನೇಕ ಖಾಸಗಿ ಕಂಪನಿಗಳಲ್ಲಿ ಪ್ರೋಗ್ರಾಂ ಮ್ಯಾನೇಜರ್ ಎಂಬುದು ಬಡ್ತಿಯ ಹೆಸರಾಗಿದೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಚೆನ್ನಾಗಿ ದುಡಿದವರಿಗೆ ಮೂರು-ನಾಲ್ಕು ತಂಡಗಳನ್ನು ವಹಿಸಿ ಆ ಹುದ್ದೆ ಕೊಡಲಾಗುತ್ತದೆ. ಹೊಸ ಹುದ್ದೆಯಲ್ಲಿ ಅವರು ಹಳೆಯ ಕೆಲಸವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡತೊಡಗುತ್ತಾರೆ: ಪ್ರತಿ ತಂಡದ ದಿನಚರಿಯಲ್ಲಿ ಕೈಹಾಕುವುದು, ಪ್ರತಿ ಗಡುವನ್ನು ಬೆನ್ನಟ್ಟುವುದು. ಇದರಿಂದ ತಂಡಗಳಿಗೆ ಇಬ್ಬರು ಯಜಮಾನರಾಗುತ್ತಾರೆ. ಯೋಜನೆಗಳ ನಡುವಿನ ಸಂದಿಗಳನ್ನು ನೋಡುವವರು ಯಾರೂ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಗಡುವು ಮೀರಿದ ಯೋಜನೆಗೆ ಕಾರ್ಯಕ್ರಮವೆಂಬ ಹೆಸರಿಟ್ಟು, ಪ್ರಯೋಜನ ಮುಂದೆ ಬರುತ್ತದೆಂದು ಹೇಳುತ್ತ ಕಾಲವನ್ನು ಹಿಗ್ಗಿಸುವುದು. ದೀರ್ಘಾವಧಿಯ ದೃಷ್ಟಿ ಎಂಬುದು ಲೆಕ್ಕ ಕೊಡದಿರುವುದಕ್ಕೆ ನೆಪವಾಗಬಾರದು. ಎಸ್‌ಎಲ್‌ವಿ-3ರ ಮೊದಲ ವೈಫಲ್ಯವನ್ನು ಧವನ್ ಹೊತ್ತುಕೊಂಡರು. ಆದರೆ ದೋಷದ ತನಿಖೆಯನ್ನು ಕೈಬಿಡಲಿಲ್ಲ. ಮೇಲಿನ ಸ್ತರದ ಸಹನೆಗೂ ಕೆಳಗಿನ ಸ್ತರದ ಶಿಸ್ತಿಗೂ ವಿರೋಧವಿಲ್ಲ. ಒಂದಿಲ್ಲದೆ ಇನ್ನೊಂದು ಬಾಳುವುದಿಲ್ಲ.

ಎಲ್ಲ ಕೆಲಸಕ್ಕೂ ಕಾರ್ಯಕ್ರಮದ ಚೌಕಟ್ಟು ಬೇಕಿಲ್ಲ ಎಂಬುದನ್ನೂ ನೆನಪಿಡಬೇಕು. ಒಂದು ಸೇತುವೆ, ಒಂದು ಗೋದಾಮು, ಒಂದು ತಂತ್ರಾಂಶದ ಹೊಸ ಆವೃತ್ತಿ, ಇವುಗಳಿಗೆ ಸಮರ್ಥ ಯೋಜನಾ ವ್ಯವಸ್ಥಾಪಕರು ಸಾಕು. ಅನಗತ್ಯ ಸಮಿತಿಗಳು ಸಣ್ಣ ಕೆಲಸವನ್ನು ನಿಧಾನಗೊಳಿಸುತ್ತವೆ.

ಗುರುತಿಸುವುದು ಹೇಗೆ?

ಕೆಲವು ಪ್ರಶ್ನೆಗಳನ್ನು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಒಪ್ಪಿಕೊಂಡ ವಸ್ತು ಕೈಗೆ ಬಂದ ಮರುದಿನವೇ ಉದ್ದೇಶ ಈಡೇರುತ್ತದೆಯೇ, ಅಥವಾ ಇನ್ನಾರಾದರೂ ಇನ್ನೇನಾದರೂ ಮಾಡಬೇಕೇ? ಒಂದು ಕೆಲಸ ತಡವಾದರೆ ಮತ್ತೊಂದು ಕೆಲಸದ ಫಲ ವ್ಯರ್ಥವಾಗುತ್ತದೆಯೇ? ಒಂದು ಯೋಜನೆಯ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವ, ಬೇಡವಾದದ್ದನ್ನು ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿದೆಯೇ? ಕಾಮಗಾರಿ ಮುಗಿದ ಎರಡು ವರ್ಷಗಳ ನಂತರ ಪ್ರಯೋಜನವನ್ನು ಅಳೆಯುವವರು ಯಾರೆಂದು ಈಗಲೇ ಬರೆದಿಡಲಾಗಿದೆಯೇ? ಇನ್ನಾರೋ ಮಾಡಬೇಕಾದ ಕೆಲಸ ಉಳಿದಿದ್ದು, ಅಂಥ ಅಧಿಕಾರವೂ ಅಂಥ ಬರಹವೂ ಇಲ್ಲವಾದರೆ, ಕಾರ್ಯಕ್ರಮದ ಅಗತ್ಯವಿದೆ ಆದರೆ ಕಾರ್ಯಕ್ರಮ ಇಲ್ಲ ಎಂದೇ ಅರ್ಥ.

ಮೇಲೆ ಹೇಳಿದ ಊರಿನ ಟ್ಯಾಂಕಿಗೆ ಬೇಕಿರುವುದು ಮತ್ತೊಬ್ಬ ಗುತ್ತಿಗೆದಾರನಲ್ಲ. ಟ್ಯಾಂಕು, ಪೈಪು, ವಿದ್ಯುತ್ತು, ನೀರಿನ ಮೂಲ, ನಿರ್ವಹಣೆಯ ಸಿಬ್ಬಂದಿ ಇವೆಲ್ಲವನ್ನೂ ಸೇರಿಸಿ ನೋಡುವ, ನಲ್ಲಿಯಲ್ಲಿ ನೀರು ಬರುವವರೆಗೆ ಕಡತವನ್ನು ಮುಚ್ಚದ ಒಬ್ಬ ಹೊಣೆಗಾರರು ಬೇಕು. ಅವರ ಹೆಸರು ಮೊದಲ ಟೆಂಡರ್ ಕರೆಯುವ ಮುನ್ನವೇ ಕಡತದಲ್ಲಿ ಇರಬೇಕು.